ಕಬ್ಬಿನ ಗೋಡೆ

ಉಜ್ವಲಾಳ ಕೈಯಿಂದ ಜಾರಿದ ಚೆಂಡು ಸೈಡ್‌ಲೈನ್ ದಾಟಿತು, ಒಮ್ಮೆ ಪುಟಿಯಿತು, ಕಬ್ಬಿನೊಳಗೆ ಹೋಯಿತು.

ಯಾರೂ ಏನನ್ನೂ ಹೇಳಬೇಕಾಗಿರಲಿಲ್ಲ. ಮುರಗೆಪ್ಪ ಚೌಗಲಾ ಅವರ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಯಾರ ಕೈಯಿಂದ ಚೆಂಡು ಹೊರಗೆ ಹೋಯಿತೋ ಅವರೇ ಅದನ್ನು ತರಬೇಕು. ತರುವವರೆಗೆ ಉಳಿದವರು ನಿಂತಲ್ಲಿಯೇ ನಿಂತಿರಬೇಕು. ನಿಪ್ಪಾಣಿಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರಾಗಿ ಸೇರಿದ ವರ್ಷ ಅವರು ಹಾಕಿದ ಈ ಕಟ್ಟಳೆ, ಚಿಕ್ಕೋಡಿ, ರಾಯಬಾಗಗಳ ವರ್ಗಾವಣೆಗಳನ್ನು ದಾಟಿ, ನಿವೃತ್ತಿಯನ್ನೂ ದಾಟಿ, ಶಿರಗುಪ್ಪಿಯ ಅವರ ಸ್ವಂತ ಹೊಲದ ಈ ಕೋರ್ಟಿಗೂ ಬಂದಿತ್ತು. ತಂಡಕ್ಕೆಲ್ಲ ಚಿಕ್ಕವಳಾದ ಉಜ್ವಲಾ ನಾಲಿಗೆ ಕಚ್ಚಿಕೊಂಡು ಓಡಿದಳು. ಎರಡಾಳೆತ್ತರದ ಕಬ್ಬು ಅವಳ ಹಿಂದೆ ಮುಚ್ಚಿಕೊಂಡಿತು.

"ಉಜ್ಜೀ, ಒಳಗ ಕುಂತ ಕಬ್ಬ ಸೀಳ್ಕೋತ ಇರಬ್ಯಾಡ ಬೇ! ನಮಗೂ ಒಂದ ಗಳಾ ತಾ!" ನೀಲಮ ಕೂಗಿದಳು. ಹುಡುಗಿಯರು ನಕ್ಕರು.

ನಗೆ ನಿಂತಿತು. ಕಬ್ಬಿನ ಗರಿಗಳ ಸರಸರ ಸದ್ದೂ ನಿಂತಿತು. ಸಂಜೆಯ ಬಿಸಿಲು ಕೋರ್ಟಿನ ಸಿಮೆಂಟಿನ ಮೇಲೆ ಉದ್ದಕ್ಕೆ ಬಿದ್ದಿತ್ತು. ಮುರಗೆಪ್ಪ ಸೀಟಿಯನ್ನು ತುಟಿಯವರೆಗೆ ತಂದು ಕಾದರು. ಒಂದು ಚೆಂಡು ಹುಡುಕಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತಾಗಿತ್ತು.

ಗರಿಗಳು ಅಲುಗಿದವು. ಉಜ್ವಲಾ ಚೆಂಡನ್ನು ಎದೆಗವಚಿಕೊಂಡು ಹೊರಬಂದಳು. ಅವಳ ಮುಖದಲ್ಲಿ ಹೆದರಿಕೆಯಿರಲಿಲ್ಲ, ಗೊಂದಲವಿತ್ತು.

"ಏನಾತವ್ವಾ?"

"ಒಳಗ ಏನೋ ಸತ್ತ ನಾರಾಕತ್ತೈತ್ರಿ ಸರ್. ಮತ್ತ... ಚೆಂಡ ರವದ್ಯಾಗ ಬಿದ್ದಿತ್ತು. ಯಾರೋ ಮಲಗಿ ಎದ್ದ ಹೋದಂಗ ಆ ಜಾಗಾ ಬೆಚ್ಚಗಿತ್ರಿ."

ಕಬ್ಬಿನ ಒಣಗರಿಯ ಹಾಸಿಗೆ, ರವದಿ, ಸೂರ್ಯ ಕಾಣದ ಆ ನೆರಳಿನಲ್ಲಿ ಬೆಚ್ಚಗಿರಲು ಕಾರಣವಿರಲಿಲ್ಲ. ಮುರಗೆಪ್ಪ ಆ ದಿನದ ಅಭ್ಯಾಸವನ್ನು ಅಲ್ಲಿಗೇ ಮುಗಿಸಿದರು.

ಹುಡುಗಿಯರ ಸೈಕಲ್ಲುಗಳು ಮರೆಯಾದ ಮೇಲೆ ಅವರು ಒಂದು ಕೊಡ್ಲಿ ಹಿಡಿದು ಒಳಗೆ ಹೋದರು. ವಾಸನೆ ದಾರಿ ತೋರಿಸಿತು. ಸಾಲುಗಳ ನಡುವೆ ಕರಿಯ ಆಡೊಂದರ ಅರ್ಧ ದೇಹ ಬಿದ್ದಿತ್ತು. ಕೊರಳಲ್ಲಿ ಇನ್ನೂ ಗಂಟೆಯಿತ್ತು. ನೀರು ಹಾಯಿಸಿದ ಕಾಲುವೆಯ ಹಸಿಮಣ್ಣಿನಲ್ಲಿ ಹೆಜ್ಜೆಯ ಗುರುತುಗಳಿದ್ದವು. ಅಗಲವಾದ, ಉಗುರಿಲ್ಲದ ಹೆಜ್ಜೆಗಳು. ನಾಯಿಯದಾಗಿದ್ದರೆ ಉಗುರು ಮೂಡುತ್ತಿತ್ತು. ಕೃಷ್ಣೆಯ ದಂಡೆಯ ಊರುಗಳಲ್ಲಿ ಈಚೆಗೆ ಎಲ್ಲರ ಮೊಬೈಲಿಗೂ ಬಂದಿದ್ದ ಚಿತ್ರದಲ್ಲಿ ಇದೇ ಹೆಜ್ಜೆಯಿತ್ತು.

ಚಿರತೆ.

ಮುರಗೆಪ್ಪ ಸುತ್ತ ನೋಡಿದರು. ಎತ್ತ ನೋಡಿದರೂ ಕಬ್ಬು. ಎಲ್ಲಿಂದ ಬೇಕಾದರೂ ಎರಡು ಕಣ್ಣುಗಳು ಅವರನ್ನು ನೋಡುತ್ತಿರಬಹುದಿತ್ತು. ಅಂಥ ಜಾಗದಲ್ಲಿ ನಿಂತು ಅವರು ಮಾಡಿದ್ದು, ಊರಲ್ಲಿ ಬೇರೆ ಯಾರೂ ಮಾಡಲಾರದ ಕೆಲಸ. ಕೈತುಂಬ ರವದಿಯನ್ನು ಬಾಚಿ ಆಡಿನ ಮೇಲೆ ಮುಚ್ಚಿದರು. ಕಾಲಿನಿಂದ ಹೆಜ್ಜೆಗಳನ್ನು ತಿಕ್ಕಿ ಅಳಿಸಿದರು.

ಏಕೆಂದರೆ ಅದು ಬರಿಯ ಕಬ್ಬಾಗಿರಲಿಲ್ಲ. ಅದು ಗೋಡೆ.

ಕೋರ್ಟಿನ ಮೂಡಣಕ್ಕೆ ಅವರ ಮನೆ, ಪಡುವಣಕ್ಕೆ ಕಾಗವಾಡದ ರಸ್ತೆ. ರಸ್ತೆಗೂ ಕೋರ್ಟಿಗೂ ನಡುವೆ ಇದ್ದದ್ದು ಈ ಒಂದು ತುಂಡು ಕಬ್ಬು. ಕೋರ್ಟು ಕಟ್ಟಿದ ಮೊದಲ ವರ್ಷ ಸಕ್ಕರೆ ಕಾರ್ಖಾನೆಯ ಟೋಳಿ, ಕಡಿಯುವವರ ಗುಂಪು, ಬೇಗ ಬಂದು ಕಬ್ಬು ಕಡಿದುಕೊಂಡು ಹೋಗಿತ್ತು. ಮರುದಿನದಿಂದ ರಸ್ತೆಯಲ್ಲಿ ಬೈಕುಗಳು ನಿಲ್ಲತೊಡಗಿದವು. ಚಡ್ಡಿ ತೊಟ್ಟು ಆಡುವ ಹುಡುಗಿಯರನ್ನು ನೋಡಲು ನಿಂತವರು ಸೀಟಿ ಹೊಡೆದರು, ಹೆಸರಿಟ್ಟರು. ತಿಂಗಳೊಳಗೆ ತಂಡ ಕರಗಿತು. ಅಂದಿನಿಂದ ಮುರಗೆಪ್ಪ ಪ್ರತಿ ಹಂಗಾಮಿನಲ್ಲಿಯೂ ಕಟಾವಿನ ಮೇಸ್ತ್ರಿ ಮುಕಾದಮನ ಕೈಕಾಲು ಹಿಡಿದು ಈ ತುಂಡನ್ನು ಎಲ್ಲರ ಕೊನೆಗೆ ಕಡಿಸುತ್ತ ಬಂದಿದ್ದರು. ಕಬ್ಬು ನಿಂತಿರುವವರೆಗೆ ಆಟ. ಬಿದ್ದ ದಿನ ರಜೆ. ಈ ಒಪ್ಪಂದದ ಮೇಲೆ ರೈತರು ಹೆಣ್ಣುಮಕ್ಕಳನ್ನು ಕಳಿಸುತ್ತಿದ್ದರು.

ಬರುವ ಭಾನುವಾರ ಅಥಣಿಯಲ್ಲಿ ಪಂದ್ಯಾವಳಿ. ರಾಜ್ಯ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವವರು ಅಲ್ಲಿಗೆ ಬರುವವರಿದ್ದರು. ಇಡೀ ವೃತ್ತಿಯಲ್ಲಿ ಮುರಗೆಪ್ಪನವರ ಒಬ್ಬ ಶಿಷ್ಯೆಯೂ ಆ ಬಾಗಿಲು ದಾಟಿರಲಿಲ್ಲ. ಕೆಲವರು ಮದುವೆಯಾಗಿ ಹೋದರು, ಕೆಲವರು ಗಾಯಗೊಂಡರು, ಕೆಲವರನ್ನು ಅಪ್ಪಂದಿರು ಕರೆದೊಯ್ದರು. ಈ ಸಲ ಶೀತಲ ಇದ್ದಳು. ಪಕ್ಕದ ಹೊಲದ ದುಂಡೇಶನ ಮಗಳು, ತಂಡದ ನಾಯಕಿ. ಅಂಥ ಕೈ, ಅಂಥ ಕಣ್ಣು ಮತ್ತೆ ಸಿಗುವಷ್ಟು ವರ್ಷಗಳು ಮುರಗೆಪ್ಪನವರ ಮೊಣಕಾಲುಗಳಲ್ಲಿ ಉಳಿದಿರಲಿಲ್ಲ.

ಚಿರತೆಯ ಸುದ್ದಿ ಹೊರಬಿದ್ದರೆ ಕಬ್ಬು ಕಡಿಯುತ್ತಾರೆ. ಕಬ್ಬು ಬಿದ್ದರೆ ದುಂಡೇಶ ಮಗಳನ್ನು ಕಳಿಸುವುದಿಲ್ಲ. ಭಾನುವಾರದವರೆಗೆ ಮಾತ್ರ, ಎಂದು ಅವರು ತಮಗೆ ತಾವೇ ಹೇಳಿಕೊಂಡು ಕೈ ತೊಳೆದರು.

ಮರುದಿನ ಗುರುವಾರ ಬೆಳಿಗ್ಗೆ ಕುರಿ-ಆಡು ಕಾಯುವ ಕಾಮಣ್ಣ ಬಂದು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತ.

"ಮಾಸ್ತರ್ರ, ನನ್ನ ಕರಿ ಆಡ ಕಂಡ್ರೇನ್ರಿ? ಗಂಟಿ ಕಟ್ಟಿದ್ದು."

"ಇಲ್ಲೋ ಕಾಮಣ್ಣಾ."

"ತ್ವಾಳಾನ ಒಯ್ದಾವ್ರಿ. ಹೊಳಿ ಆಚೆ ಕಡಿಂದ ಬಂದಾವ. ಒಯ್ದು ಹೊಳೀಗುಂಟ ದಿಗ್ಗೇವಾಡಿ ಕಡಿ ಹೋಗ್ಯಾವ. ಇನ್ನ ಬರೂದಿಲ್ರಿ ಅವು, ನಾ ಬಲ್ಲೆ."

"ಹಂಗ ಇರಬೇಕು," ಎಂದರು ಮುರಗೆಪ್ಪ. ಕಾಮಣ್ಣನ ತಪ್ಪು ಊಹೆ ಅವರಿಗೆ ಅಂದು ವರವಾಗಿ ಕಂಡಿತು.

ಅವನು ಹೋದ ಮೇಲೆ ಹೆಂಡತಿ ಸಕ್ಕುಬಾಯಿ ಚಹಾದ ಬಟ್ಟಲನ್ನು ಕೊಡದೆ ಕೈಯಲ್ಲೇ ಹಿಡಿದು ನಿಂತಳು.

"ನಮ್ಮ ನಾಯಿ ಎರಡ ದಿನಾ ಆತು ಹಿತ್ತಲಕ ಕಟ್ಟಿದ್ರೂ ಹಗ್ಗಾ ಹರ್ಕೊಂಡ ಅಡಿಗಿಮನಿಗೆ ಓಡಿ ಬರಾಕತ್ತೈತಿ. ಕಬ್ಬಿನ ಕಡಿ ಮುಖಾ ಮಾಡವಲ್ದು. ಮನಷಾರಿಗೆ ತಿಳೀದಿದ್ರ ನಾಯೀಗೆ ತಿಳೀತೈತ್ರಿ."

"ಬಿಸಲಿಗೆ ಹಂಗ ಮಾಡತೈತಿ."

"ಬಿಸಲಿಗೆ ನಾಯಿ ಉಚ್ಚಿ ಹೊಯ್ಕೋತಾವ?" ಎಂದಳು ಸಕ್ಕುಬಾಯಿ. "ನೀವು ನನ್ನ ಮುಖಾ ನೋಡಿ ಮಾತಾಡ್ರಿ."

ಅವರು ಬಟ್ಟಲು ತೆಗೆದುಕೊಂಡರು, ಮುಖ ನೋಡಲಿಲ್ಲ.

ಅದೇ ಹೊತ್ತಿಗೆ ಟೋಳಿಯ ಮುಕಾದಮ ನಾಮದೇವ ಬಂದ. ಮಹಾರಾಷ್ಟ್ರದ ಬೀಡ ಜಿಲ್ಲೆಯವನು, ಅರ್ಧ ಮರಾಠಿ, ಅರ್ಧ ಕನ್ನಡ ಆಡುತ್ತಿದ್ದ.

"ಗುರುಜಿ, ದುಂಡೇಶ ಸಾವಕಾರ್ದು ಮುಗೀತು. ಆಜೂಬಾಜೂ ಸಗಳಾ ಖಾಲಿ. ಹಳ್ಳದ ಈ ಕಡಿ ನಿಂತಿದ್ದು ಫಕ್ತ ನಿಮ್ದೊಂದ. ನಾಳೆ ಕಡಿಯೋಣ?"

"ಸೋಮವಾರ ಕಡಿಯೂಣು."

"ನಮ್ಮ ಹೆಣ್ಮಕ್ಕಳು ಹೆದರ್ಯಾರ ಗುರುಜಿ. ದುಂಡೇಶ ಸಾವಕಾರ್ರ ಹೊಲ್ದಾಗ ಕಡಿಯೂಮುಂದ ಏನೋ ಓಡಿ ಹೋತು ಅಂತಾರ. ನಿಮ್ಮ ಕಡೀನ ಹೋತಂತ."

ಮುರಗೆಪ್ಪ ಆಗ ತಲೆಯೆತ್ತಿ ನೋಡಿದರು. ಹಿಂದಿನ ವಾರದವರೆಗೆ ಹಸಿರಾಗಿದ್ದ ದಿಕ್ಕುಗಳೆಲ್ಲ ಬೋಳಾಗಿದ್ದವು. ಬಡಗಣಕ್ಕೆ ದುಂಡೇಶನ ಕಬ್ಬು ಕಡಿದ ಕೂಳೆ, ರಸ್ತೆಯಾಚೆ ಮತ್ತೊಬ್ಬರ ಕೂಳೆ, ಹಳ್ಳದ ಕಡೆಗೂ ಬಯಲು. ಊರಿನ ಟೋಳಿಗಳೆಲ್ಲ ಸೇರಿ ಒಂದೊಂದೇ ಹೊಲವನ್ನು ಕಡಿಯುತ್ತ, ಅಡಗಿದ್ದ ಪ್ರಾಣಿಯನ್ನು ಒಂದೊಂದೇ ಹೆಜ್ಜೆ ಒತ್ತುತ್ತ ಬಂದಿದ್ದವು. ಎದುರಾಳಿಯನ್ನು ಕೋರ್ಟಿನ ಮೂಲೆಗೆ ಒತ್ತಿ ದಾರಿಯಿಲ್ಲದಂತೆ ಮಾಡುವ ಆಟವನ್ನು ಅವರು ಮಕ್ಕಳಿಗೆ ಜೀವನವೆಲ್ಲ ಕಲಿಸಿದ್ದರು. ಅದರ ಕೊನೆಯ ಮೂಲೆಯನ್ನು ಕಟ್ಟಿ ಉಳಿಸಿಕೊಟ್ಟವರು ಅವರೇ ಆಗಿದ್ದರು.

"ಸೋಮವಾರ," ಎಂದರು ಮತ್ತೆ.

ಅಂದು ಸಂಜೆ ಅವರು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಇನ್ನು ಮೇಲೆ ಕಬ್ಬಿಗೆ ಹೋದ ಚೆಂಡನ್ನು ಯಾರೂ ತರಬಾರದು, ಬೇರೆ ಚೆಂಡಿನಿಂದ ಆಟ ಮುಂದುವರಿಸಬೇಕು ಎಂದರು. ಹುಡುಗಿಯರು ಮುಖ ಮುಖ ನೋಡಿಕೊಂಡರು.

"ಸರ್‌ಗೆ ಜ್ವರಾ ಬಂದಾವೇನ ಬೇ?" ನೀಲಮ ಪಿಸುಗುಟ್ಟಿದಳು.

"ಸುಮ್ಮನ ಇರ ಲೇ. ಚೆಂಡ ಗಿಡದಾಗ ಬೆಳಿತಾವ ಅಂತ ತಿಳದಾರ," ಎಂದಳು ಇನ್ನೊಬ್ಬಳು.

ಮುರಗೆಪ್ಪ ನಗಲಿಲ್ಲ. ಅಂದೂ, ಶುಕ್ರವಾರವೂ ಅಭ್ಯಾಸದ ಉದ್ದಕ್ಕೂ ಅವರು ಸೈಡ್‌ಲೈನಿನ ಮೇಲೆ ಆಟಕ್ಕೆ ಬೆನ್ನು ಹಾಕಿ, ಕಬ್ಬಿಗೆ ಮುಖ ಮಾಡಿ ನಿಂತರು. ಚೆಂಡಿನ ಸದ್ದು ಕೇಳಿಯೇ ತಪ್ಪು ತಿದ್ದಿದರು. "ಉಜ್ವಲಾ, ಎತ್ತರಕ್ಕ ಪುಟಿಸಾಕತ್ತಿ." "ನೀಲಮ, ಕಾಲ ಎಳೀಬ್ಯಾಡ." ಕೊಡ್ಲಿ ಅವರ ಕಾಲ ಬಳಿ ಒರಗಿತ್ತು. ಒಂದು ಗರಿ ಅಲುಗಿದರೂ ಅವರ ಬೆನ್ನು ಬಿಗಿಯಾಗುತ್ತಿತ್ತು.

ಅದನ್ನು ಶೀತಲ ನೋಡಿದಳು.

ಶುಕ್ರವಾರ ಹೊತ್ತು ಇಳಿಯುವ ಮುನ್ನ ಅವಳು ಎಸೆದ ಪಾಸು ನೀಲಮಳ ಬೆರಳಿಗೆ ತಾಗಿ ಕಬ್ಬಿನೊಳಗೆ ನುಗ್ಗಿತು. ಮುರಗೆಪ್ಪ ಕೈಯೆತ್ತುವಷ್ಟರಲ್ಲಿ ಶೀತಲ ಅವರನ್ನು ದಾಟಿ ಒಳಗೆ ಹೋಗಿದ್ದಳು. ತಪ್ಪು ತನ್ನದೆಂದು ಅವಳಿಗೆ ಅನ್ನಿಸಿದರೆ ಹೊಸ ಕಟ್ಟಳೆಗೆ ಅವಳಲ್ಲಿ ಬೆಲೆಯಿರಲಿಲ್ಲ. ಹಳೆಯದನ್ನು ಅವಳ ಎಲುಬಿನಲ್ಲಿ ಬರೆದವರು ಅವರೇ.

ಮುರಗೆಪ್ಪ ಅಂಚಿಗೆ ಹೋಗಿ ಬಾಗಿ ನೋಡಿದರು. ಸಾಲುಗಳ ನಡುವೆ ಅವಳ ಬಿಳಿಯ ಜೆರ್ಸಿ ಕಂಡಿತು. ಅವಳು ಬಾಗಿರಲಿಲ್ಲ, ಹುಡುಕುತ್ತಿರಲಿಲ್ಲ. ನಿಂತಿದ್ದಳು. ಕಂಬದ ಹಾಗೆ ನಿಂತಿದ್ದಳು. ಅವಳ ಮುಂದಿನ ನೆರಳಿನೊಳಗಿಂದ ಗರಗಸದಿಂದ ಮರ ಕೊಯ್ದಂಥ ಸದ್ದು ಬಂತು, ನಿಂತಿತು, ಮತ್ತೆ ಬಂತು.

ಕೂಗಿದರೆ ಅವಳು ತಿರುಗಿ ಓಡುತ್ತಾಳೆ. ಓಡಿದರೆ ಮುಗಿಯಿತು.

ಮುರಗೆಪ್ಪ ಸೀಟಿಯನ್ನು ಮೆಲ್ಲಗೆ, ಗಿಡ್ಡಗೆ ಎರಡು ಸಲ ಊದಿದರು. ಎದುರಾಳಿಯ ಮೇಲಿನ ಕಣ್ಣು ಕೀಳದೆ, ಬೆನ್ನು ತೋರಿಸದೆ, ಮೊಣಕಾಲು ಬಾಗಿಸಿ ಹಿಂದಕ್ಕೆ ಸರಿಯಬೇಕೆಂಬ ರಕ್ಷಣೆಯ ಆಜ್ಞೆ ಅದು. ಶೀತಲಳ ಮೊಣಕಾಲು ಬಾಗಿತು. ತೋಳುಗಳು ಅಗಲವಾದವು. ಒಂದೊಂದೇ ಹೆಜ್ಜೆ ಹಿಂದಕ್ಕೆ ಜಾರುತ್ತ, ರವದಿಯ ಮೇಲೆ ತೊಡರದೆ, ಅವಳು ಹೊರಬಂದಳು. ಬಿಸಿಲಿಗೆ ಬಂದಾಗ ಅವಳ ತುಟಿಗಳು ಬೂದಿಯ ಬಣ್ಣಕ್ಕಿದ್ದವು.

ಅವರು ಉಳಿದವರನ್ನು ಮನೆಗೆ ಕಳಿಸಿದರು. ಅವಳನ್ನು ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟರು.

"ನಿಮಗ ಮೊದಲ ಗೊತ್ತಿತ್ತು," ಎಂದಳು ಶೀತಲ. ಅದು ಪ್ರಶ್ನೆಯಾಗಿರಲಿಲ್ಲ.

"ಗೊತ್ತಿತ್ತವ್ವಾ."

ಅವಳು ಬಯ್ಯಲೆಂದು, ಅಳಲೆಂದು ಅವರು ಕಾದರು. ಅವಳು ಬಾಯೊರೆಸಿಕೊಂಡು ಹೇಳಿದಳು: "ಹಂಗಾದ್ರ ಭಾನುವಾರ ತನಾ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಸರ್. ಅಪ್ಪಗ ತಿಳದ್ರ ಮುಗೀತು. ನಾಳೆ ಒಂದ ದಿನಾ ಐತಿ. ಉಜ್ಜೀನ ಆ ಮಗ್ಗಲ್ದಾಗ ನಿಲ್ಲಸೂಣು, ಕಬ್ಬಿನ ಕಡಿ ನಾ ನಿಂದರತೀನಿ. ಅದು ಬಂದ್ರ ಮೊದಲ ನನ್ನ ಕಡೀನ ಬರತೈತಿ."

ಪಂದ್ಯದ ನಡುವೆ ಆಟಗಾರರನ್ನು ಹೊಂದಿಸುವಾಗಿನ ಅದೇ ತಣ್ಣನೆಯ ದನಿ. ಮುರಗೆಪ್ಪ ಎದುರಿಗೆ ಕೂತ ಹುಡುಗಿಯನ್ನು ನೋಡಿದರು. ಹಸಿಮಣ್ಣಿನ ಹೆಜ್ಜೆಗಳನ್ನು ಕಂಡಾಗ ಹುಟ್ಟದಿದ್ದ ಹೆದರಿಕೆ ಈಗ ಹುಟ್ಟಿತು. ಇದನ್ನು ಅವಳಿಗೆ ಯಾರೂ ಬಾಯಿಬಿಟ್ಟು ಕಲಿಸಿರಲಿಲ್ಲ. ಅವರನ್ನು ನೋಡಿ ಕಲಿತಿದ್ದಳು.

"ಇಲ್ಲವ್ವಾ," ಎಂದು ಅವರು ಎದ್ದರು. "ನಡಿ, ನಿಮ್ಮ ಮನೀಗೆ ಹೋಗೂಣು."

ದುಂಡೇಶ ಅಂಗಳದಲ್ಲಿ ಟ್ರ್ಯಾಕ್ಟರಿನ ಗಾಲಿ ಬಿಚ್ಚುತ್ತ ಕೂತಿದ್ದ. ಕೇಳಿ ಮೊದಲು ನಕ್ಕ, ಮಗಳ ಮುಖ ನೋಡಿದಾಗ ನಗು ನಿಲ್ಲಿಸಿದ.

"ಎಂದ ಕಂಡ್ರಿ ಮಾಸ್ತರ?"

ಸತ್ಯ ನಾಲಿಗೆಯ ತುದಿಯಲ್ಲಿತ್ತು. "ಇವತ್ತ," ಎಂದರು ಮುರಗೆಪ್ಪ. ಅರಣ್ಯ ಇಲಾಖೆಗೆ ಅವರೇ ಫೋನು ಮಾಡಿದರು. ಸಂಜಯ ಎಂಬ ಕಾವಲುಗಾರ ಮಾತಾಡಿದ: ಬೋನು, ಬಲೆಯೊಂದಿಗೆ ನಾಳೆ ಮಧ್ಯಾಹ್ನದೊಳಗೆ ಬರುತ್ತೇವೆ, ಅಲ್ಲಿಯವರೆಗೆ ಯಾರೂ ಹತ್ತಿರ ಹೋಗಬೇಡಿ, ಮುಖ್ಯವಾಗಿ ಕಬ್ಬು ಕಡಿಯಬೇಡಿ.

ಆದರೆ ಮರುದಿನ ಮುರಗೆಪ್ಪ ಬೆಳಗಿನ ಚಹಾ ಕುಡಿಯುವಷ್ಟರಲ್ಲಿ ರಸ್ತೆಯ ಕಡೆಯಿಂದ ಕಬ್ಬು ಕಡಿಯುವ ಕೊಯ್ತಾಗಳ ಸದ್ದು ಕೇಳಿಸಿತು. ದುಂಡೇಶ ನಾಮದೇವನ ಟೋಳಿಯನ್ನು ಇಳಿಸಿದ್ದ. ಹಳ್ಳದ ದಂಡೆಯುದ್ದಕ್ಕೂ ಊರ ಹುಡುಗರು ಬಾರಿಸಲು ಡಬ್ಬಿ, ಹಲಗೆ ಹಿಡಿದು ಸಾಲು ನಿಂತಿದ್ದರು. ದುಂಡೇಶನ ಕೂಳೆಯಲ್ಲಿ ಟ್ರ್ಯಾಕ್ಟರುಗಳು, ಬೈಕುಗಳು, ಕೇಕೆ. ಉಳಿದ ಊರು, ಮುದುಕರು, ಹೆಂಗಸರು, ಕಂಕುಳ ಕೂಸುಗಳು, ಚೆನ್ನಾಗಿ ಕಾಣುವ ಜಾಗವೆಂದು ಕೋರ್ಟಿನಲ್ಲಿ ನೆರೆದಿತ್ತು. ಅಭ್ಯಾಸಕ್ಕೆ ಬಂದ ತಂಡವೂ ಅಲ್ಲೇ ಕೂತಿತ್ತು.

"ದುಂಡೇಶಾ, ಅವರು ಬರೂತನಾ ಬ್ಯಾಡಂದಿದ್ರಲ್ಲೋ!"

"ಅವರು ಬಂದು ಫೋಟೋ ಹೊಡಕೊಂಡ ಹೋಗತಾರ. ಇದು ನನ್ನ ಮಗಳ ಮಾರಿ ನೋಡೇತಿ. ಇವತ್ತ ಇದನ್ನ ಬಿಡೂದಿಲ್ಲ." ದುಂಡೇಶ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮೊಬೈಲು ಹಿಡಿದು ಬೋರ್ಡಿನ ಕಂಬದ ಬಳಿ ನಿಂತಿದ್ದ.

ಕಬ್ಬು ಸಾಲುಸಾಲಾಗಿ ಬೀಳುತ್ತಿತ್ತು. ಗೋಡೆ ತೆಳುವಾಗುತ್ತ ಬಂದಂತೆ ಮುರಗೆಪ್ಪನವರಿಗೆ ಇಡೀ ಚಿತ್ರ ಶಾಲೆಯ ಕರಿಹಲಗೆಯ ಮೇಲೆ ಬಿಡಿಸಿದಷ್ಟು ಸ್ಪಷ್ಟವಾಯಿತು. ಪಡುವಣದಿಂದ ಕೊಯ್ತಾ. ತೆಂಕಣದಿಂದ ಹಲಗೆ. ಬಡಗಣದಿಂದ ಟ್ರ್ಯಾಕ್ಟರು. ಸದ್ದಿಲ್ಲದೆ, ಉಸಿರು ಬಿಗಿಹಿಡಿದು ನೋಡುತ್ತ ನಿಂತದ್ದು ಮೂಡಣದ ಕೋರ್ಟು ಮಾತ್ರ. ಮೂಲೆಗೆ ಬಿದ್ದ ಆಟಗಾರ ಯಾವಾಗಲೂ ಸುಮ್ಮನಿರುವ ಕಡೆಗೇ ಒಡೆದುಕೊಂಡು ಬರುತ್ತಾನೆ.

"ಹಳ್ಳದ ಕಡಿ ಬಿಡ್ರಿ! ಆ ಕಡಿ ದಾರಿ ಕೊಡ್ರಿ ಅದಕ!" ಅವರು ಕೂಗಿದರು. ಹಲಗೆಯ ಸದ್ದಿನಲ್ಲಿ ಆ ಕೂಗು ಮುಳುಗಿತು. ಇಬ್ಬರು ತಿರುಗಿ ನೋಡಿ ಕೈಯಾಡಿಸಿ ನಕ್ಕರು. ಕೊನೆಯ ಸಾಲುಗಳ ನಡುವೆ ಹಳದಿಯದೇನೋ ಅತ್ತಿಂದಿತ್ತ ಹರಿಯಿತು.

ಮುರಗೆಪ್ಪ ಸೀಟಿಯನ್ನು ಜೋರಾಗಿ, ಉದ್ದಕ್ಕೆ ಊದಿದರು. ಊರು ಅಲುಗಲಿಲ್ಲ. ಹುಡುಗಿಯರು ಒಂದೇ ದೇಹದಂತೆ ಎದ್ದು ನಿಂತರು.

"ಮಂದೀನ ಮನಿ ಕಡಿ ನೂಕ್ರಿ! ಎಲ್ಲಾರ್ನೂ! ಓಡ್ರಿ!"

ಏಕೆ ಎಂದು ಒಬ್ಬಳೂ ಕೇಳಲಿಲ್ಲ. ನೀಲಮ ಮುದುಕಿಯೊಬ್ಬಳನ್ನು ಎತ್ತಿಕೊಂಡೇ ಓಡಿದಳು. ಉಜ್ವಲಾ ಎರಡು ಕೂಸುಗಳನ್ನು ಎಳೆದುಕೊಂಡು ಹೋದಳು. "ಏ ಯವ್ವಾ, ಸೀರಿ ಬಿಡ ಬೇ!" ಎಂದು ಹೆಂಗಸರು ಬಯ್ಯುತ್ತ, ಎಡವುತ್ತ ಹಿಂದೆ ಸರಿದರು. ಕೋರ್ಟಿನ ನಡುವೆ ಬಯಲು ಬಿತ್ತು. ಆ ಬಯಲಿನಲ್ಲಿ ಉಳಿದವನೊಬ್ಬನೇ: ಮೊಬೈಲಿನ ಪರದೆಯಲ್ಲಿ ಮುಖವಿಟ್ಟ ದುಂಡೇಶ.

ಕಬ್ಬು ಸೀಳಿತು.

ಆಮೇಲೆ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳಿದರು. ನಡೆದದ್ದು ಇಷ್ಟು: ಶೀತಲ ಅಡ್ಡಬಂದು ಅಪ್ಪನ ಸೊಂಟಕ್ಕೆ ಭುಜ ಕೊಟ್ಟು ಕೆಡವಿದಳು, ಅವನ ಮೇಲಿಂದ ಹಾರಿದ ಚಿರತೆಯ ಹಿಂಗಾಲಿನ ಉಗುರು ಅವನ ಹೆಗಲನ್ನು ಸೀಳಿತು, ಖಾಲಿ ಕೋರ್ಟನ್ನು ಓರೆಯಾಗಿ ದಾಟಿ, ಮನೆಯ ಹಿತ್ತಲ ಬೇಲಿ ಹಾರಿ, ಅದು ಮೂಡಣದ ಬಯಲಿನಲ್ಲಿ ಕಾಣದಾಯಿತು. ಸಿಮೆಂಟಿನ ಮೇಲೆ ರಕ್ತದ ಹನಿಗಳು ಉಳಿದವು, ಎಲ್ಲವೂ ದುಂಡೇಶನವು. ಮಧ್ಯಾಹ್ನ ಬೋನು ತಂದ ಸಂಜಯನಿಗೆ ಹಿಡಿಯಲು ಏನೂ ಉಳಿದಿರಲಿಲ್ಲ.

ದವಾಖಾನೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಸಂಜೆ ಅವನು ನೇರವಾಗಿ ಕೋರ್ಟಿಗೇ ಬಂದ. ಅವನ ಹಿಂದೆ ಉಳಿದ ಹುಡುಗಿಯರ ಮನೆಯವರೂ ಬಂದರು. ಕೈಯಲ್ಲಿ ಗಂಟೆ ಹಿಡಿದ ಕಾಮಣ್ಣ ಕಣ್ಣೊರೆಸಿಕೊಳ್ಳುತ್ತ ಒಂದು ಮೂಲೆಯಲ್ಲಿ ಕೂತಿದ್ದ.

"ಮಾಸ್ತರ," ದುಂಡೇಶನ ಸ್ವರ ತಗ್ಗಿತ್ತು. "ಆಡಿನ ಎಲುಬ ಒಣಗ್ಯಾವ. ಇದು ನಿನ್ನೆದಲ್ಲ. ಎಷ್ಟ ದಿನಾ ಆತು ನಿಮಗ ಗೊತ್ತಾಗಿ?"

ಮುರಗೆಪ್ಪ ಬಾಯಿ ತೆರೆಯುವ ಮುನ್ನ ಶೀತಲ ನಡುವೆ ಬಂದಳು.

"ಸರ್‌ಗೆ ಗೊತ್ತಿರಲಿಲ್ಲ ಅಪ್ಪಾ. ನನಗ ಗೊತ್ತಿತ್ತು. ಬುಧವಾರದಾಗ ನಾನ ನೋಡಿದ್ದೆ. ಅಥಣಿ ತಪ್ಪತೈತಿ ಅಂತ ಯಾರಿಗೂ ಹೇಳಲಿಲ್ಲ."

ಕಣ್ಣು ಮಿಟುಕಿಸದೆ ಹೇಳಿದಳು. ದುಂಡೇಶನ ಕೆನ್ನೆಯ ನರ ಕುಣಿಯಿತು. "ಹಂಗಾದ್ರ ಮುಗೀತು," ಎಂದ. "ನಾಳಿಂದ ಮನೀ ಹೊಸ್ತಲಾ ದಾಟಬ್ಯಾಡ ನೀ."

ಮುರಗೆಪ್ಪ ಸುಮ್ಮನಿದ್ದಿದ್ದರೆ ಅವರ ಹೆಸರು ಉಳಿಯುತ್ತಿತ್ತು. ಮುಂದಿನ ಹಂಗಾಮಿಗೆ ಬೇರೆ ಹುಡುಗಿಯರು ಬರುತ್ತಿದ್ದರು. ಸಕ್ಕುಬಾಯಿ ಬಾಗಿಲಲ್ಲಿ ನಿಂತು ಅವರನ್ನೇ ನೋಡುತ್ತಿದ್ದಳು.

"ಹುಡುಗಿ ಸುಳ್ಳ ಹೇಳಾಕತ್ತಾಳ," ಎಂದರು ಅವರು. "ಬುಧವಾರ ನೋಡಿದಾಂವ ನಾ. ಆಡಿನ ಮ್ಯಾಲ ರವದಿ ಮುಚ್ಚಿದಾಂವ ನಾ. ಅಕಿ ನಿನ್ನೆ ನೋಡ್ಯಾಳ, ನಿನ್ನೆನ ನಿನ್ನ ಮುಂದ ಕರಕೊಂಡ ಬಂದೀನಿ. ಅದಕ್ಕೂ ಮೊದಲ ಈ ಎಲ್ಲಾ ಮಕ್ಕಳನ್ನ ಅದರ ಬಾಯಿ ಮುಂದ ಎರಡ ದಿನಾ ಆಡಿಸೀನಿ."

ಉಜ್ವಲಾಳ ತಾಯಿ ಮಗಳನ್ನು ಹಿಂದಿನಿಂದ ಅಪ್ಪಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಚಿರತೆ ಬಂದಾಗ ಸರಿದದ್ದಕ್ಕಿಂತ ಬೇಗ. ಕಾಮಣ್ಣ ಗಂಟೆಯನ್ನು ಮಡಿಲಿಗೆ ಹಾಕಿಕೊಂಡ.

ದುಂಡೇಶ ಹೊಲಿಗೆ ಹಾಕಿದ ಹೆಗಲನ್ನು ಮುಟ್ಟಿ ಮಗಳ ಕಡೆ ನೋಡಿದ. "ನನ್ನ ಮಗಳು ಅಥಣಿಗೆ ಹೋಗತಾಳ," ಎಂದ. "ಚಡ್ಡಿ ಮ್ಯಾಲ ಇಡೀ ಊರ ನೋಡಿದ ಮ್ಯಾಲೆ ಇನ್ನೇನ ಮುಚ್ಚೂದೈತಿ? ಆದ್ರ ನೀವು ಬರಬ್ಯಾಡ್ರಿ. ನಾಳೆನೂ ಬ್ಯಾಡ, ಮುಂದನೂ ಬ್ಯಾಡ. ನಮ್ಮ ಮಕ್ಕಳ ಮುಂದ ನೀವು ಇನ್ನ ಸೀಟಿ ಊದಬ್ಯಾಡ್ರಿ."

ಉಳಿದ ಅಪ್ಪಂದಿರು ತಲೆಯಾಡಿಸಿದರು. ಮುರಗೆಪ್ಪನವರೂ ತಲೆಯಾಡಿಸಿದರು.

ಭಾನುವಾರ ಬೆಳಿಗ್ಗೆ ವ್ಯಾನು ರಸ್ತೆಯಲ್ಲಿ ಬಂದು ನಿಂತಿತು. ಮುರಗೆಪ್ಪನವರ ಹಳೆಯ ಶಿಷ್ಯೆ, ಈಗ ಚಿಕ್ಕೋಡಿಯಲ್ಲಿ ಶಿಕ್ಷಕಿಯಾಗಿರುವ ಸೀಮಾ ಅವರ ಬದಲು ತಂಡದ ಬೆಂಚಿನ ಮೇಲೆ ಕೂರಲು ಒಪ್ಪಿದ್ದಳು. ಹೆಗಲಿಗೆ ಪಟ್ಟಿ ಕಟ್ಟಿಕೊಂಡ ದುಂಡೇಶ ಚಾಲಕನ ಪಕ್ಕದಲ್ಲಿದ್ದ. ನಡುವೆ ಕಬ್ಬಿಲ್ಲದ್ದರಿಂದ ಹುಡುಗಿಯರು ಚೆಂಡಿನ ಚೀಲ ಒಯ್ಯಲು ಕೂಳೆಯ ಮೇಲೆಯೇ ನೇರವಾಗಿ ಬಂದರು. ಆಗಲೇ ರಸ್ತೆಯಲ್ಲಿ ಎರಡು ಬೈಕುಗಳು ವೇಗ ತಗ್ಗಿಸಿ, ಅವರನ್ನು ನೋಡುತ್ತ ಸಾಗಿದ್ದವು.

ಶೀತಲ ಕೊನೆಯವಳಾಗಿ ನಿಂತಳು.

"ಮುಗಳಖೋಡದ ತಂಡದ ಆ ಎತ್ತರದಾಕಿ ಎಡಕ್ಕ ತಿರಗಿದ್ರ ಏನ ಮಾಡ್ಲಿ ಸರ್?"

ದುಂಡೇಶ ಹಾರನ್ ಒತ್ತಲಿಲ್ಲ. ಮುಖವನ್ನು ಬೇರೆ ಕಡೆ ತಿರುಗಿಸಿದ.

"ತಡೀಬ್ಯಾಡ," ಎಂದರು ಮುರಗೆಪ್ಪ. "ಎಡಕ್ಕ ಹೋಗಾಕ ಬಿಡು. ಮುಂದ ನೀಲಮನ್ನ ನಿಲ್ಲಸು."

ಅವಳು ಬಾಗಿ ಕಾಲು ಮುಟ್ಟಿ ಓಡಿದಳು. ಬೋಳು ಬಯಲಿನಲ್ಲಿ ವ್ಯಾನು ಬಹಳ ದೂರದವರೆಗೆ ಕಾಣುತ್ತಿತ್ತು. ಅದು ಇನ್ನೂ ಕಾಣುತ್ತಿದ್ದಾಗಲೇ ಅವರ ಫೋನು ಬಡಿಯಿತು. ಕಾವಲುಗಾರ ಸಂಜಯ.

"ಸರ್, ರಾತ್ರಿ ಅದು ನಿಮ್ಮ ಹಳ್ಳಾ ದಾಟೇತ್ರಿ. ಹೆಜ್ಜಿ ಸಿಕ್ಕಾವ. ಆ ಕಡಿ ಇನ್ನ ಕಬ್ಬ ನಿಂತಿದ್ದ ಹೊಲಾ ಯಾವದರೆ ಐತೇನ್ರಿ?"

ಮುರಗೆಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ಹಳ್ಳದಾಚೆ ನೋಡಿದರು. ಕಂದುಬಣ್ಣದ ಕೂಳೆಗಳ ನಡುವೆ ಒಂದೇ ಒಂದು ಹಸಿರು ಚೌಕ ಉಳಿದಿತ್ತು. ಸುಹಾಸ ಬೀಜಕ್ಕೆಂದು ಕಡಿಯದೆ ಬಿಟ್ಟ ಕಬ್ಬು. ಅದರ ಮೂರು ಬದಿಯಲ್ಲಿಯೂ ಟೋಳಿಯವರ ಗುಡಿಸಲುಗಳು, ಗುಡಿಸಲುಗಳ ಮುಂದೆ ಬೆಳಗಿನ ಬಿಸಿಲಿಗೆ ಬಿಟ್ಟ ಮಕ್ಕಳು.

"ಐತಿ," ಎಂದರು ಅವರು, ಆಗಲೇ ಬೈಕಿನ ಕಡೆಗೆ ಹೆಜ್ಜೆ ಹಾಕುತ್ತ. "ಹಳ್ಳದಾಚೆ ಸುಹಾಸನ ಹೊಲಾ. ಗುಡಿಸಲದಾಗ ಮಕ್ಕಳದಾವ. ನಾ ಹೊಂಟೀನಿ, ನೀವು ಲಗೂನ ಬರ್ರಿ."